ಆಕ್ಸೆಪ್ಟ್ ಮಾಡಿದ್ದೇ ತಡ

ಲಿಂಕ್ಡ್‌ಇನ್‌ನಲ್ಲಿ ರಿಕ್ವೆಸ್ಟ್ ಆಕ್ಸೆಪ್ಟ್ ಮಾಡಿದ್ದೇ ತಡ, "ಹಾಯ್ ಸರ್, ರೆಫರಲ್ ಕೊಡಿ" (ಅಂದ್ರೆ ನಿಮ್ಮ ಕಂಪನೀಲಿ ಕೆಲಸಕ್ಕೆ ನನ್ನ ಹೆಸರು ಶಿಫಾರಸು ಮಾಡಿ) ಅಂತ ಮೆಸೇಜು, ಕೆಳಗೊಂದು ರೆಸ್ಯೂಮೆ. ಯಾವ ಕೆಲಸಕ್ಕೆ, ಯಾವ ಊರಲ್ಲಿ, ಏನೂ ಇರಲ್ಲ. ಕೇಳೋದು ತಪ್ಪಲ್ಲ ಕಣ್ರೀ, ಕೆಲಸ ಬೇಕಾದೋರು ಕೇಳ್ದೆ ಇನ್ನೇನ್ ಮಾಡ್ತಾರೆ, ಆದ್ರೆ ರೆಫರ್ ಮಾಡೋಕೆ ಕಂಪನಿ ಪೋರ್ಟಲಲ್ಲಿ ಜಾಬ್ ಐಡಿ ಹಾಕ್ಬೇಕು, ಎಷ್ಟೋ ಕಡೆ ಇವರು ನಿಮಗೆ ಹೇಗೆ ಪರಿಚಯ ಅಂತಾನೂ ಕೇಳುತ್ತೆ, ಅಲ್ಲಿ ನಾನೇನ್ ಬರೀಲಿ, ಈಗ ತಾನೇ ಪರಿಚಯ ಆಯ್ತು ಅಂತಾನಾ?

ಮೊನ್ನೆ ಒಬ್ಬ ಹುಡುಗಿ ಬರೆದಿದ್ಲು. ಜಾಬ್ ಐಡಿ, ಆ ಕೆಲಸಕ್ಕೆ ಸರಿಹೋಗೋ ತನ್ನ ಒಂದು ಪ್ರಾಜೆಕ್ಟ್ ಬಗ್ಗೆ ಎರಡು ಸಾಲು, ಕೊನೆಗೆ "ಆಗ್ದಿದ್ರೂ ಪರವಾಗಿಲ್ಲ ಸರ್". ಅಷ್ಟೇ. ಆವತ್ತೇ ರೆಫರ್ ಮಾಡ್ದೆ.

ಹಾಗಂತ ನಮ್ಮ ಸೀನಿಯರ್‌ಗಳೇನು ಕಮ್ಮಿ ಇಲ್ಲ. ಮೆಸೇಜ್ ಓದಿ ಸುಮ್ನಿರ್ತಾರೆ, "ಓಪನಿಂಗ್ ಇಲ್ಲಪ್ಪ" ಅನ್ನೋಕೆ ಎಷ್ಟೊತ್ತು ಬೇಕು? (ಇನ್ನು ಹೆಣ್ಮಕ್ಕಳ ಇನ್‌ಬಾಕ್ಸಿಗೆ ಹೋಗಿ "ಡಿಪಿ ಸೂಪರ್" ಅನ್ನೋರ ಬಗ್ಗೆ ಮಾತಾಡದೇ ಇರೋದೇ ವಾಸಿ, ಅದೇನ್ ಮ್ಯಾಟ್ರಿಮೊನಿನಾ?)

ಫೋಟೋ ಸುತ್ತ 'ಓಪನ್ ಟು ವರ್ಕ್' ಅಂತ ಹಸಿರು ರಿಂಗ್ ಹಾಕೋರನ್ನ ಆಡ್ಕೊಳ್ಳೋರೂ ಇದಾರೆ, ಕೆಲಸ ಹೋದೋರ ಮನೇಲಿ ಇಎಂಐ ನಿಲ್ಲುತ್ತಾ ಹೇಳಿ. ಇನ್ನೂ ಕೆಲಸದಲ್ಲಿದ್ದು ಒಳಗೊಳಗೇ ಹುಡುಕ್ತಿರೋರು ರಿಂಗ್ ಇಲ್ದೆ, ಆ ವಿಷಯ ರಿಕ್ರೂಟರ್‌ಗಳಿಗೆ ಮಾತ್ರ ಕಾಣೋ ಹಾಗೆ ಸೆಟ್ ಮಾಡ್ಕೋಬಹುದು, ಆದ್ರೆ ಈಗಿನ ಆಫೀಸಿಗೆ ಖಂಡಿತ ಗೊತ್ತಾಗಲ್ಲ ಅನ್ನೋ ಗ್ಯಾರಂಟಿ ಲಿಂಕ್ಡ್‌ಇನ್‌ನೋರೂ ಕೊಡಲ್ಲ, ನೋಡ್ಕೊಂಡು ಒತ್ತಿ.