ಅವ್ವನ ಲೆಕ್ಕದಲ್ಲಿ ಉಮಾಶ್ರೀ

10 ಮೇ 2024, ಶುಕ್ರವಾರ
ಬನಹಟ್ಟಿ, ಬಾಗಲಕೋಟೆ ಜಿಲ್ಲೆ

ಇವತ್ತು ಬಸವ ಜಯಂತಿ. ನಮ್ಮ ಓಣಿಯಲ್ಲಿ ಒಂದೂ ಮಗ್ಗ ಸದ್ದು ಮಾಡಲಿಲ್ಲ. ವರ್ಷವಿಡೀ ಆ ಟಕಾಟಕ್ ಕೇಳಿ ಕೇಳಿ ಕಿವಿ ಹೇಗಾಗಿದೆ ಅಂದ್ರೆ, ಅದು ನಿಂತ ದಿನವೇ ಬೇಗ ಎಚ್ಚರವಾಗುತ್ತದೆ. ಬೆಳಿಗ್ಗೆ ಎತ್ತುಗಳ ಮೆರವಣಿಗೆ ಹೋಯಿತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಝೂಲ. ಅದನ್ನು ನೋಡಿ ಒಳಗೆ ಬರುವಷ್ಟರಲ್ಲಿ ಬೆವರಿ ನೀರಾಗಿದ್ದೆ. ಈ ಸಲದ ಬಿಸಿಲು ಬಿಸಿಲಲ್ಲ, ಬೆಂಕಿ.

ಅವ್ವ ಹೋಳಿಗೆ ಮಾಡುತ್ತಿದ್ದಳು. ಅವಳ ಬೆರಳಿನ ಮೇಲೆ ಮಂಗಳವಾರದ ಮತದಾನದ ಶಾಯಿ ಇನ್ನೂ ಕರ್ರಗೆ ಇದೆ. ನಾನು ಸೀಕರಣೆಗೆ ಮಾವಿನಹಣ್ಣು ಹಿಂಡುತ್ತಾ, ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದೆ. ನಿನ್ನೆಯಿಂದ ಎಲ್ಲರ ಸ್ಟೇಟಸ್‌ನಲ್ಲೂ ಎಸ್ಸೆಸ್ಸೆಲ್ಸಿ ರಿಸಲ್ಟೇ. ನಮ್ಮ ಪಕ್ಕದ ಮುಧೋಳ ತಾಲ್ಲೂಕಿನ ಹುಡುಗಿ 625ಕ್ಕೆ 625 ತಗೊಂಡು ಇಡೀ ರಾಜ್ಯಕ್ಕೆ ಮೊದಲು ಬಂದಿದ್ದಾಳೆ. ಮೇಷ್ಟ್ರಾದ ನಮಗೆಲ್ಲ ನಾವೇ ಕಲಿಸಿದಷ್ಟು ಹಿಗ್ಗು. ಅದರ ನಡುವೆ ಪಕ್ಕದ ಮನೆ ಹುಡುಗಿಯ ಸ್ಟೇಟಸ್‌ನಲ್ಲಿ ಬೇರೆ ಫೋಟೋ ಬಂತು. ‘ನಮ್ಮ ಪುಟ್ಟಕ್ಕನಿಗೆ ಹುಟ್ಟುಹಬ್ಬದ ಶುಭಾಶಯ.’ ಧಾರಾವಾಹಿಯಲ್ಲಿ ಪುಟ್ಟಕ್ಕನಾದ ನಟಿ ಉಮಾಶ್ರೀ ಅವರದ್ದು. ಅವ್ವನಿಗೆ ಓದಿ ಹೇಳಿದೆ.

“ಎಷ್ಟ ತುಂಬಿದುವಂತ ಅಕಿಗೆ?”

“ಅರವತ್ತೇಳು. 1957ರಾಗ ಹುಟ್ಯಾರ.”

ಅವ್ವನ ಕೈ ನಿಂತಿತು. “ನಂಗಿಂತ ಒಂದ ವರ್ಷಕ್ಕ ದೊಡ್ಡಾಕಿ, ಅಷ್ಟನ? ಸುಳ್ಳ ಹೇಳಬ್ಯಾಡ ಬೇ. ಪುಟ್ನಂಜದಾಗ ಅಕಿ ಹಣ್ಣ ಹಣ್ಣ ಮುದುಕಿ ಇದ್ಳು.”

‘ಪುಟ್ನಂಜ’ ಸಿನಿಮಾ ಬಂದದ್ದು 1995ರಲ್ಲಿ. ನಾನಾಗ ಎಂಟನೇ ಕ್ಲಾಸು. ಲೆಕ್ಕ ಹಾಕಿದರೆ ರವಿಚಂದ್ರನ್ ಅವರ ಅಜ್ಜಿ ಪುಟ್ಮಲ್ಲಿಯಾಗಿ ಕುಣಿದಾಗ ಉಮಾಶ್ರೀ ಅವರಿಗೆ 38 ವರ್ಷ. ಅವ್ವ ಸ್ವಲ್ಪ ಹೊತ್ತು ಹೂರಣ ಹಾಗೇ ಹಿಡಿದುಕೊಂಡು ಕೂತಳು. “ಆವಾಗ ನಂದೂ ಒಂದ ಹಲ್ಲ ಬಿದ್ದಿರಲಿಲ್ಲ” ಅಂದಳು. ಏನೋ ಮೋಸ ಹೋದವರ ದನಿ ಅದು. ಮೂವತ್ತು ವರ್ಷದಿಂದ ತನಗಿಂತ ಹಿರಿಯಳು ಅಂದುಕೊಂಡವಳು ವಾರಿಗೆಯವಳಾಗಿಬಿಟ್ಟರೆ ಹಾಗೇ ಆಗುತ್ತೆ, ಅಲ್ವಾ?

ನಾನು ಇನ್ನೂ ಹಿಂದಕ್ಕೆ ಹೋದೆ. ಪುಟ್ಮಲ್ಲಿಗಿಂತ ಎಷ್ಟೋ ವರ್ಷ ಮೊದಲೇ ಅವರು ರಂಗದ ಮೇಲೆ ಮುದುಕಿಯಾಗಿದ್ದರು. ದೇವನೂರ ಮಹಾದೇವರ ‘ಒಡಲಾಳ’ ಕಾದಂಬರಿಯನ್ನು ನಿರ್ದೇಶಕ ಸಿಜಿಕೆ ನಾಟಕ ಮಾಡಿಸಿದಾಗ ಸಾಕವ್ವನ ಪಾತ್ರ. ಕಳೆದುಹೋದ ಹುಂಜ ಹುಡುಕುವ ಅಜ್ಜಿ. ಉಮಾಶ್ರೀ ಹುಟ್ಟಿದ್ದು ತಿಪಟೂರು ಕಡೆಯ ನೊಣವಿನಕೆರೆ, ತೆಂಗಿನ ಸೀಮೆ. ಹೊಟ್ಟೆಪಾಡಿಗೂ ನಾಟಕ, ಗೀಳಿಗೂ ನಾಟಕ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದರು. ಸಾಕವ್ವನ ಆಟ ನೋಡಿದವರು ಇವತ್ತಿಗೂ ಉಮಾಶ್ರೀ ಅನ್ನುವುದಿಲ್ಲ, ಸಾಕವ್ವ ಅನ್ನುತ್ತಾರೆ.

ಸಾಕವ್ವ ಅಂದರೆ ನನಗೆ ನನ್ನದೇ ಒಂದು ಫಜೀತಿ ನೆನಪಾಗುತ್ತದೆ. ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಬಿ.ಎ. ಎರಡನೇ ವರ್ಷ, ಕಾಲೇಜಿನ ಗ್ಯಾದರಿಂಗ್. ನಮ್ಮ ಕನ್ನಡದ ಸರ್ ಬೆಂಗಳೂರಿನಲ್ಲಿ ಆ ನಾಟಕ ನೋಡಿದ್ದರಂತೆ. ‘ಒಡಲಾಳ’ದ ಒಂದಷ್ಟು ಭಾಗ ಮಾಡೋಣ ಅಂದರು. ಸಾಕವ್ವನ ಪಾತ್ರ ನನ್ನ ಪಾಲಿಗೆ ಬಂತು. ಮೊದಲ ತೊಡಕು ಭಾಷೆಯದು. ಅದು ನಂಜನಗೂಡಿನ ಕಡೆಯ ಮಾತು. ನಮ್ಮ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಪುಸ್ತಕದ ಕಡಲೆಕಾಯಿ ನಮ್ಮ ಬಾಯಲ್ಲಿ ತಿರುತಿರುಗಿ ಶೇಂಗಾ ಆಗುತ್ತಿತ್ತು. ಕದ್ದು ತಂದ ಆ ಮೂಟೆಯನ್ನು ಮನೆಮಂದಿಯೆಲ್ಲ ರಾತ್ರಿಯಿಡೀ ಕೂತು ತಿಂದು ಮುಗಿಸುವ ದೃಶ್ಯ ಇದೆಯಲ್ಲ, ಅದಕ್ಕೆ ಸರ್ ನಿಜವಾದ ಶೇಂಗಾನೇ ಹುರಿಸಿ ತರಿಸಿದ್ದರು. ಹುಡುಗರು ಮಧ್ಯಾಹ್ನದಿಂದ ಊಟ ಮಾಡಿರಲಿಲ್ಲ. ಬಾಯ್ತುಂಬ ಶೇಂಗಾ ಹಾಕಿಕೊಂಡು ಮಾತೇ ಹೊರಡಲಿಲ್ಲ. ಜನ ನಕ್ಕಿದ್ದೇ ನಕ್ಕಿದ್ದು.

ಆದರೆ ನನ್ನ ಫಜೀತಿ ಅದಲ್ಲ. ನಾನು ತಲೆಗೆ ಪೌಡರ್ ಸುರುವಿಕೊಂಡು, ಬೆನ್ನು ಬಗ್ಗಿಸಿ, ಕೈಕೋಲು ಹಿಡಿದು, ಇಡೀ ಹೊತ್ತು ಗಡಗಡ ನಡುಗಿದ್ದೆ. ದನಿ ನಡುಗಿಸಿದೆ, ಕೈ ನಡುಗಿಸಿದೆ, ತಲೆ ಕೂಡ. ಎಲ್ಲರೂ ಚಪ್ಪಾಳೆ ಹೊಡೆದರು. ಅವ್ವ ಮೂರನೇ ಸಾಲಿನಲ್ಲಿ ಕೂತಿದ್ದಳು. ಮನೆಗೆ ನಡೆದು ಬರುವಾಗ ಕೇಳಿದಳು:

“ಯಾಕಬೇ, ಸಾಕವ್ವಗ ಚಳಿಜ್ವರ ಬಂದಿತ್ತೇನು?”

ನನಗೆ ಸಿಟ್ಟು ಬಂತು. ಮುದುಕಿ ಅಂದಮೇಲೆ ನಡುಗಬಾರದಾ ಅಂದೆ.

“ಮುದುಕ್ಯಾರು ನಡಗೂದಿಲ್ಲ. ನಡಗಬಾರದು ಅಂತ ಗಟ್ಟಿ ಹಿಡಕೋತಾರ. ನಿಮ್ಮ ಅಮ್ಮನ್ನ ನೋಡಿಲ್ಲೇನು? ಚಾದ ಕಪ್ಪ ಎರಡೂ ಕೈಲೇ ಹಿಡೀತಾಳ. ಯಾರೂ ನೋಡಬಾರದು ಅಂತ.”

ಅಮ್ಮ ಅಂದರೆ ನಮ್ಮ ಕಡೆ ಅಜ್ಜಿ. ಎರಡು ದಿನ ನಾನು ಅಜ್ಜಿಯ ಚಹಾ ಕಪ್ಪನ್ನೇ ನೋಡಿದೆ. ಅವ್ವ ಹೇಳಿದ್ದು ಖರೆ. ಕಪ್ಪು ಸಾಸರ್‌ಗೆ ತಾಗಿ ಸದ್ದಾಗಬಾರದು ಅಂತ ಅಜ್ಜಿ ಕಿರುಬೆರಳನ್ನು ನಡುವೆ ಇಡುತ್ತಿದ್ದಳು. ಆಮೇಲೆ ಯಾವಾಗಲೋ ಟಿವಿಯಲ್ಲಿ ‘ಪುಟ್ನಂಜ’ ಮತ್ತೆ ಬಂದಾಗ ಪುಟ್ಮಲ್ಲಿಯನ್ನು ಬೇರೆ ಕಣ್ಣಿನಿಂದ ನೋಡಿದೆ. ಅದು ನಡುಗುವ ಮುದುಕಿಯಲ್ಲ. ಬಾಯಿ ಜೋರು, ಅಕ್ಕರೆನೂ ಜೋರು. ವಯಸ್ಸನ್ನು ತೋರಿಸುವುದಿಲ್ಲ, ವಯಸ್ಸಿನ ಜೊತೆ ಜಗಳ ಆಡುತ್ತಾಳೆ. 38 ವರ್ಷದವರಿಗೆ ಇದು ಎಲ್ಲಿಂದ ಹೊಳೆಯಿತೋ! ನನಗೀಗ 42. ಇನ್ನೂ ಹೊಳೆದಿಲ್ಲ.

ಮಧ್ಯದ ವರ್ಷಗಳ ಬಗ್ಗೆ ಮಾತಾಡಲು ನಮ್ಮ ಮನೆಯಲ್ಲಿ ಸ್ವಲ್ಪ ಮುಜುಗರ. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂತು. ಅದಾದ ಮೇಲೆ ಸಿನಿಮಾದವರು ಇವರನ್ನು ಹಾಸ್ಯಕ್ಕೆ ಕಟ್ಟಿಹಾಕಿದರು. ಅದೂ ಎರಡರ್ಥದ ಹಾಸ್ಯ. ಎನ್.ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್ ಇಂಥವರ ಎದುರು ಒಂದಾದ ಮೇಲೊಂದು ಪಾತ್ರ. ಟಿವಿಯಲ್ಲಿ ಆ ದೃಶ್ಯ ಬಂದ ಕೂಡಲೇ ಅಪ್ಪ ಎದ್ದು ಚಾನೆಲ್ ಬದಲಿಸುತ್ತಿದ್ದ. ‘ಈಕೀದು ಇಷ್ಟ ಬಿಡು’ ಅನ್ನುತ್ತಿದ್ದ. ಅದೇ ಅಪ್ಪ ಬನಶಂಕರಿ ಜಾತ್ರೆಗೆ ಹೋದರೆ ರಾತ್ರಿ ಎರಡೆರಡು ಕಂಪನಿ ನಾಟಕ ನೋಡಿ, ಅಲ್ಲಿನ ಹಾಸ್ಯಗಾರನ ಮಾತನ್ನು ಮಗ್ಗದ ಮೇಲೆ ಕೂತು ವಾರಗಟ್ಟಲೆ ಹೇಳಿ ನಗುತ್ತಿದ್ದ. ಎದುರಿಗಿದ್ದ ಗಂಡಸರ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಆ ಮಾತು ಬರೆದವನ ಹೆಸರೂ ಯಾರಿಗೂ ಬೇಕಾಗಿಲ್ಲ. ಕೆಟ್ಟ ಹೆಸರೆಲ್ಲ ಒಬ್ಬ ಹೆಂಗಸಿನ ತಲೆಗೆ ಕಟ್ಟಿ, ನಗು ಮಾತ್ರ ನಾವು ಹಂಚಿಕೊಂಡೆವು. ನಾನೂ ಅದರಲ್ಲಿದ್ದೆ. ಹೈಸ್ಕೂಲಿನಲ್ಲಿ ಗೆಳತಿಯೊಬ್ಬಳನ್ನು ಅಣಕಿಸಲು ‘ಉಮಾಶ್ರೀ’ ಅಂತ ಕರೆಯುತ್ತಿದ್ದೆವು. ಅವಳು ಅಳುತ್ತಿದ್ದಳು.

ಆ ಗದ್ದಲದ ನಡುವೆಯೂ ‘ಕೊಟ್ರೇಶಿ ಕನಸು’ವಿನಂಥ ಸಿನಿಮಾಗಳಲ್ಲಿ ಬಡ ತಾಯಿಯಾಗಿ ಬಂದು ಹೋದರು. ನಾವು ನೋಡಲಿಲ್ಲ, ಅಥವಾ ನೋಡಿ ಮರೆತೆವು.

ಆಮೇಲೆ ನಮ್ಮೂರಿಗೇ ಬಂದರು! ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ನಮ್ಮ ಜಿಲ್ಲೆಯಿಂದ ಮುಂಬೈಗೆ ಹೋಗಿ ಸಿನಿಮಾದಲ್ಲಿ ಹೆಸರು ಮಾಡಿದರು. ಇವರು ಸಿನಿಮಾದಲ್ಲಿ ಹೆಸರು ಮಾಡಿ ನಮ್ಮ ಜಿಲ್ಲೆಗೆ ಬಂದವರು. 2008ರಲ್ಲಿ ನಮ್ಮ ತೇರದಾಳ ಕ್ಷೇತ್ರದಿಂದ ನಿಂತು ಸೋತರು. 2013ರಲ್ಲಿ ಗೆದ್ದು ಮಂತ್ರಿಯಾದರು. ಮಹಿಳಾ ಮತ್ತು ಮಕ್ಕಳ ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ. 2018ರಲ್ಲಿ ಮತ್ತೆ ಸೋಲು. ಈಗ ವಿಧಾನ ಪರಿಷತ್ತಿನಲ್ಲಿದ್ದಾರೆ. ಅವರ ರಾಜಕಾರಣದ ಬಗ್ಗೆ ನಾನು ಬರೆಯುವುದಿಲ್ಲ. ಅದಕ್ಕೆ ಊರಲ್ಲಿ ಬೇಕಾದಷ್ಟು ಕಟ್ಟೆಗಳಿವೆ, ಬೇಕಾದಷ್ಟು ಪುರುಸೊತ್ತು ಇದ್ದವರೂ ಇದ್ದಾರೆ. ಅವ್ವ ಪ್ರಚಾರದ ಸಮಯದಲ್ಲಿ ಒಮ್ಮೆ ದೂರದಿಂದ ನೋಡಿದ್ದಳು. ಮಗ್ಗದ ಕಂಡಿಕಿಗೆ ನೂಲು ಸುತ್ತುವುದು ಬಿಟ್ಟು ಓಡಿಹೋಗಿದ್ದಳು. ವಾಪಸ್ ಬಂದು, “ಪುಟ್ಮಲ್ಲಿ ಎಲ್ಲೆ ಬೇ? ಯಾರೋ ಬ್ಯಾರೇ ಹೆಂಗಸು ಬಂದಿತ್ತು” ಅಂದಿದ್ದಳು. ಇವತ್ತು ಅದನ್ನು ನೆನಪಿಸಿದೆ. ಅವ್ವನಿಗೆ ನೆನಪಿಲ್ಲ ಅಂತೆ. ಸುಮ್ನೆ ಹಾಗನ್ನುತ್ತಾಳೆ.

ಈಗ ಅವಳಿಗೆ ಉಮಾಶ್ರೀ ಅಂದರೆ ಪುಟ್ಟಕ್ಕ. ‘ಪುಟ್ಟಕ್ಕನ ಮಕ್ಕಳು’ ಶುರುವಾದದ್ದು 2021ರ ಡಿಸೆಂಬರ್‌ನಲ್ಲಿ. ಗಂಡ ಬಿಟ್ಟು ಹೋದ ಹೆಂಗಸು, ಮೂರು ಹೆಣ್ಣುಮಕ್ಕಳು, ಮೆಸ್ ನಡೆಸಿ ಬದುಕು. ನಮ್ಮ ಭಾಷೆಯಲ್ಲಿ ಖಾನಾವಳಿ. ಅಪ್ಪ ಹೋದ ಮೇಲೆ ಅವ್ವನೂ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟವಳು, ದಿನಕ್ಕೆ ನೂರು ನೂರೈವತ್ತು. ಹಾಗಾಗಿ ಧಾರಾವಾಹಿಯ ಅಡುಗೆಮನೆಗಳನ್ನು ಅವಳು ಇನ್‌ಸ್ಪೆಕ್ಟರ್ ಥರ ನೋಡುತ್ತಾಳೆ. ಯಾವ ನಟಿಯೂ ಪಾಸಾಗುವುದಿಲ್ಲ. ‘ಇಕಿ ಒಲಿ ಮುಂದ ಕುಂತಾಕಿ ಅಲ್ಲ’, ‘ಇಕಿ ಕೈಯಾಗ ಸೌಟ ಇಲ್ಲ, ಮೈಕ್ ಐತಿ.’

ಇವತ್ತು ಊಟಕ್ಕೆ ಕೂತಾಗ ಕೇಳಿದೆ, ಪುಟ್ಟಕ್ಕನಿಗೆ ಎಷ್ಟು ಮಾರ್ಕ್ಸ್?

ಅವ್ವ ಸೀಕರಣೆಯಲ್ಲಿ ಹೋಳಿಗೆ ಅದ್ದಿಕೊಂಡು ಯೋಚಿಸಿದಳು. “ಅಕಿ ಸೆರಗ ಸೊಂಟಕ್ಕ ಸಿಗಿಸಿದ ಮ್ಯಾಲೆ ಮರತಬಿಡ್ತಾಳ. ಉಳದವ್ರು ಮುಟ್ಟಿ ಮುಟ್ಟಿ ನೋಡ್ಕೋತಾರ, ಚೊಲೊ ಕಾಣಸ್ತೈತೋ ಇಲ್ಲೋ ಅಂತ. ಕೆಲಸ ಮಾಡಾಕಿಗೆ ಸೆರಗು ನೆನಪ ಇರೂದಿಲ್ಲ.”

ಅವ್ವ ಯಾವ ನಾಟಕದ ಪಾಠವನ್ನೂ ಓದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಒಂದು ಕೈಯಲ್ಲಿ ಉಣ್ಣುತ್ತಾ ಇನ್ನೊಂದು ಕೈಯಲ್ಲಿ ಆ ಮಾತನ್ನು ಮೊಬೈಲ್‌ನಲ್ಲಿ ಟೈಪ್ ಮಾಡಿಕೊಂಡೆ. ಅದಕ್ಕೇ ಬೈಸಿಕೊಂಡೆ.

ಆಗಲೇ ಅನ್ನಿಸಿತು, ಅವ್ವನಿಗೆ ‘ಗುಲಾಬಿ ಟಾಕೀಸ್’ ತೋರಿಸಬೇಕು ಅಂತ. ಗಿರೀಶ್ ಕಾಸರವಳ್ಳಿ ಅವರ ಸಿನಿಮಾ, ವೈದೇಹಿ ಅವರ ಕತೆ. 2007ನೇ ಸಾಲಿನ ರಾಷ್ಟ್ರಪ್ರಶಸ್ತಿ, ಅತ್ಯುತ್ತಮ ನಟಿ, ಇದಕ್ಕೇ ಬಂದದ್ದು. ಚುನಾವಣೆಯಲ್ಲಿ ನಮ್ಮವರು ಸೋಲಿಸಿದ ವರ್ಷಕ್ಕಿಂತ ಒಂದೇ ವರ್ಷ ಹಿಂದಿನ ಲೆಕ್ಕದಲ್ಲಿ! ಅಣ್ಣನ ಮಗ ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿಕೊಟ್ಟ. ಧಾರಾವಾಹಿಗಳೆಲ್ಲ ಮುಗಿದ ಮೇಲೆ ಅನ್ನುವ ಷರತ್ತಿನ ಮೇಲೆ ಅವ್ವ ಒಪ್ಪಿದಳು.

ಮೊದಲು ತಕರಾರು. “ಇದ ಯಾವ ಕನ್ನಡ?” ಕುಂದಾಪುರದ ಕಡೆಯದು ಅಂದೆ. ಸಮುದ್ರದ ದಡ, ಮೀನುಗಾರರು, ದೋಣಿ. ನಮಗೆ ಹೊಳೆ ಗೊತ್ತು, ಸಮುದ್ರ ಎಲ್ಲಿಂದ ಗೊತ್ತಿರಬೇಕು? ಆದರೆ ಗುಲಾಬಿ ಸೂಲಗಿತ್ತಿ ಅಂತ ಗೊತ್ತಾದ ಕೂಡಲೇ ಅವ್ವ ಗೋಡೆ ಬಿಟ್ಟು ಮುಂದಕ್ಕೆ ಬಂದಳು. ಸಿನಿಮಾ ಹುಚ್ಚಿನ ಗುಲಾಬಿಯನ್ನು ಹೆರಿಗೆಗೆ ಕರೆಯಲು ಟಾಕೀಸಿಗೇ ಹುಡುಕಿಕೊಂಡು ಬರುತ್ತಾರಲ್ಲ, ಅಲ್ಲಿ ಬಿದ್ದು ಬಿದ್ದು ನಕ್ಕಳು. “ನಿನ್ನ ಹಡದಾಗ ಬಂದಾಕಿನೂ ಹಿಂಗ. ಪಾರಿಜಾತದ ಆಟ ನೋಡಾಕ ಹ್ವಾದಾಕಿನ್ನ ಎಬ್ಬಿಸಿ ಕರಕೊಂಡ ಬಂದಿದ್ರು. ಬರೂತನಕ ನಾ ಹಲ್ಲ ಕಚ್ಚಿ ಹಿಡದಿದ್ದೆ.” ನಲವತ್ತೆರಡು ವರ್ಷದಲ್ಲಿ ಈ ಕತೆಯನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ.

ಗುಲಾಬಿಯ ಮನೆಗೆ ಟಿವಿ ಬಂತು, ಮೇಲೆ ಡಿಶ್ ಬಂತು. ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಕೂರತೊಡಗಿದರು. ಕೆಲವರು ಒಳಗೆ ಬರದೆ ಹೊರಗಿಂದ ಇಣುಕಿದರು. ಬಿಟ್ಟುಹೋದ ಗಂಡ, ಅವನ ಇನ್ನೊಬ್ಬ ಹೆಂಡತಿ, ಆ ಹೆಂಡತಿಯ ಮಗ. ಆ ಹುಡುಗನ ಮೇಲೆ ಗುಲಾಬಿಗೆ ಸಿಟ್ಟಿಲ್ಲ, ಆಸೆ. ಇದರಲ್ಲಿ ಉಮಾಶ್ರೀ ಜಾಸ್ತಿ ಮಾತೇ ಆಡುವುದಿಲ್ಲ. ಅವ್ವ ಒಂದು ಕಡೆ ಮೆಲ್ಲಗೆ ಹೇಳಿದಳು: “ಇಲ್ಲೂ ಸೆರಗ ಮರತಾಳ ನೋಡು.” ನಾನು ನೋಡಿದೆ. ಗುಲಾಬಿಯ ಕಣ್ಣು ಟಿವಿಯಲ್ಲಿ, ತಲೆಯ ಮೇಲಿನ ಬಟ್ಟೆ ತನ್ನಷ್ಟಕ್ಕೆ ತಾನು.

ಆ ಕಡೆಯ ಹುಡುಗಿಯೊಬ್ಬಳು ಗುಲಾಬಿಯ ಹತ್ತಿರ ಗುಟ್ಟು ಹೇಳಿಕೊಳ್ಳಲು ಶುರು ಮಾಡಿದ್ದಳು ಅಷ್ಟೇ, ಹೊರಗೆ ಗಾಳಿ ಬಿಟ್ಟಿತು. ಯಾರದೋ ಮಾಳಿಗೆಯ ತಗಡು ಧಡ್ ಅಂತ ಬಡಿಯಿತು. ಕರೆಂಟ್ ಹೋಯಿತು. ನಾಲ್ಕು ಹನಿ ಬಿದ್ದು ಮಣ್ಣಿನ ವಾಸನೆ ಎದ್ದಿತು, ಅಷ್ಟಕ್ಕೇ ನಿಂತಿತು. ನಾವು ಕತ್ತಲಲ್ಲಿ ಕೂತೇ ಇದ್ದೆವು.

“ಮುಂದ ಅಕಿಗೆ ಏನರ ಆಗತೈತೇನು?” ಅವ್ವ ಕೇಳಿದಳು.

ನಾನು ಹೇಳಲಿಲ್ಲ. ಮುಂದೆ ಕಾರ್ಗಿಲ್ ಯುದ್ಧದ ದಿನಗಳು ಬರುತ್ತವೆ. ಊರು ಎರಡಾಗುತ್ತದೆ. ಅದನ್ನು ಕತ್ತಲಲ್ಲಿ ಬಾಯಿಮಾತಲ್ಲಿ ಹೇಳುವುದು ಹೇಗೆ?

“ಒಳ್ಳೇದ ಆಗೂದಿಲ್ಲ ಬಿಡು” ಅಂದಳು ಅವ್ವ. “ಮನಿ ಬಾಗಲಾ ಎಲ್ಲಾರಿಗೂ ತಗದ ಇಟ್ಟಾಳ.”

ಈಗ ಹನ್ನೊಂದೂವರೆ. ಕರೆಂಟ್ ಈಗಷ್ಟೇ ಬಂತು, ಫ್ಯಾನ್ ತಿರುಗುತ್ತಿದೆ. ಅವ್ವ ಮಲಗಿದಳು ಅಂದುಕೊಂಡು ಇದನ್ನು ಬರೆಯುತ್ತಾ ಕೂತಿದ್ದೆ. ಚಾಪೆಯ ಕಡೆಯಿಂದ ದನಿ ಬಂತು:

“ಮುಂಜಾನೆ ಲಗೂನ ಹಚ್ಚು ಆ ಸಿನಿಮಾ. ಮಗ್ಗ ಸುರು ಆದ್ವು ಅಂದ್ರ ಅಕಿ ಮಾತಾಡೂದು ಒಂದೂ ಕೇಳಸೂದಿಲ್ಲ.”