ಮೂರನೆಯ ಗಂಟೆಯ ಸಿಟ್ಟು

ಎಂ.ಎಸ್ಸಿ. ಓದುತ್ತಿದ್ದಾಗ ನಾನು ಮುಂಗೋಪಿ ಎಂಬುದು ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಸಿಟ್ಟು ಇಳಿಯುವುದಕ್ಕೆ ಸಿಗರೇಟೇ ಬೇಕೆಂದು ನಾನೂ ನಂಬಿದ್ದೆ, ಗೆಳೆಯರೂ ನಂಬಿದ್ದರು. ಪ್ರಯೋಗಾಲಯದಲ್ಲಿ ಮಾತಿಗೆ ಮಾತು ಬೆಳೆದರೆ ಅವರೇ "ಹೋಗಿ ಒಂದು ದಮ್ ಎಳೆದು ಬಾ ಮಾರಾಯ" ಎಂದು ಗೇಟಿನಾಚೆಯ ಪೆಟ್ಟಿಗೆ ಅಂಗಡಿಗೆ ಕಳುಹಿಸುತ್ತಿದ್ದರು. ಅಲ್ಲಿ ಕಂಬಕ್ಕೆ ಇಳಿಬಿಟ್ಟ ತೆಂಗಿನ ನಾರಿನ ಹಗ್ಗದ ತುದಿ ಸದಾ ಹೊಗೆಯಾಡುತ್ತಿತ್ತು. ಬಿಡಿ ಸಿಗರೇಟೊಂದನ್ನು ಅದಕ್ಕೆ ತಾಗಿಸಿ ಎರಡು ಸಲ ಎಳೆಯುವಷ್ಟರಲ್ಲಿ ಬಿಗಿದಿದ್ದ ದವಡೆ ಸಡಿಲವಾಗುತ್ತಿತ್ತು.

ಆ ನೆಮ್ಮದಿ ಸುಳ್ಳಾಗಿರಲಿಲ್ಲ. ಅದರ ಲೆಕ್ಕ ಮಾತ್ರ ನನಗೆ ತಿಳಿದಿರಲಿಲ್ಲ. ಹೊಗೆಯೊಂದಿಗೆ ಒಳಹೋದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ತಲುಪುತ್ತದೆ, ಸುಮಾರು 2 ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೆ ಒಗ್ಗಿಹೋದ ಮಿದುಳು ಆಗ ಚಡಪಡಿಸತೊಡಗುತ್ತದೆ. ಸಿಡಿಮಿಡಿ, ಕೋಪ, ಮನಸ್ಸು ಒಂದೆಡೆ ನಿಲ್ಲದಿರುವುದು ಇವೆಲ್ಲ ನಿಕೋಟಿನ್ ಸಿಗದಾಗ ಕಾಣುವ ಲಕ್ಷಣಗಳೆಂದು ವೈದ್ಯರು ಗುರುತಿಸಿದ್ದಾರೆ. ನಮ್ಮ ಪ್ರಾಕ್ಟಿಕಲ್ ತರಗತಿ 4 ಗಂಟೆಯದು. ಮೂರನೆಯ ಗಂಟೆಯಲ್ಲಿ ಬ್ಯೂರೆಟ್ಟಿನ ನಲ್ಲಿ ತುಸು ಸೋರಿದರೂ ನಾನು ಪಕ್ಕದವನ ಮೇಲೆ ಹರಿಹಾಯುತ್ತಿದ್ದೆ. ಸ್ಕಾಲರ್‌ಶಿಪ್ ತಡವಾದದ್ದಕ್ಕೆ ಬಂದ ಕೋಪ ಬೇರೆ, ಅದು ನ್ಯಾಯವಾದದ್ದೇ. ಆದರೆ ಸಿಗರೇಟು ತಣಿಸುತ್ತಿದ್ದ ಸಿಟ್ಟಿನಲ್ಲಿ ಬಹುಪಾಲು ಹಿಂದಿನ ಸಿಗರೇಟಿನದೇ ಆಗಿತ್ತು.

ಕರ್ನಾಟಕದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತ ಮೇಲೆ ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 1,000 ರೂಪಾಯಿವರೆಗೆ ದಂಡವಿದೆ. ಒಳ್ಳೆಯದೇ. ಆದರೆ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆ ವಯಸ್ಸನ್ನು ದಾಟಿದವರು, ಮತ್ತು ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ಮಾರುವಂತಿಲ್ಲವೆಂದು 2003ರ ಕೇಂದ್ರ ಕಾಯ್ದೆಯೇ ಹೇಳಿದ್ದರೂ ನಮ್ಮ ಅಂಗಡಿ ಗೇಟಿಗೆ ಎದುರೇ ಇತ್ತು.

ಎರಡನೆಯ ವರ್ಷದಲ್ಲಿ ಸಿಗರೇಟು ಬಿಟ್ಟುಬಿಡಲು ಹೊರಟಾಗ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ಮೊದಲ ಕೆಲವು ದಿನ ಅದು ಉಚ್ಛ್ರಾಯದಲ್ಲಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆಂದು ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದಾಗ ತಿಳಿಯಿತು. ಅನೇಕರು ಈ ಮೊದಲ ವಾರವನ್ನೇ ತಮ್ಮ ನಿಜಸ್ವಭಾವವೆಂದು ತಿಳಿದು ಮತ್ತೆ ಅಂಗಡಿಗೆ ಮರಳುತ್ತಾರೆ. ನಾನೂ ಒಮ್ಮೆ ಮರಳಿದ್ದೆ. ಎರಡನೆಯ ಪ್ರಯತ್ನದ ಮೂರನೆಯ ದಿನ, ನೀರು ತುಂಬಿಸಿಡಲಿಲ್ಲವೆಂದು ಕೊಠಡಿಯ ಗೆಳೆಯನ ಬಕೆಟ್ಟನ್ನು ಒದ್ದು ಸೀಳಿಸಿದೆ. ಅವನು ಏನೂ ಅನ್ನದೆ ಸಂಜೆ ಎಂ-ಸೀಲ್ ತಂದು ಮೆತ್ತಿದ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ "3" ಎಂದು ಬರೆದ. ಆ ಬಕೆಟ್ಟನ್ನೇ ಕೋರ್ಸು ಮುಗಿಯುವವರೆಗೆ ಇಬ್ಬರೂ ಬಳಸಿದೆವು.