ಮೂರು ರೊಪ್ಪ

“ಈ ಹಟ್ಟಿಯಲ್ಲಿ ಎಷ್ಟು ಮನೆಗಳಿವೆ, ಅಜ್ಜಿ?”

“ಮೂರು ರೊಪ್ಪ, ತಾಯಿ.”

ಸೋಮವಾರದಿಂದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಸಮೀಕ್ಷೆಗೆಂದು ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯೊಂದಕ್ಕೆ ಹೋಗಿದ್ದೆವು. ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಒಂಬತ್ತು ಮನೆ. ನಾಲ್ಕಕ್ಕೆ ಬೀಗ, ಅಲ್ಲಿನವರು ಮಂದೆ ಹೊಡೆದುಕೊಂಡು ದೂರ ಹೋಗಿದ್ದರು. ಜೊತೆಗಿದ್ದ ಮೇಷ್ಟರು ಬೈಕಿನಿಂದ ಇಳಿಯದೆಯೇ “ಇದೂ ಒಂದು ಊರೇ?” ಎಂದರು. ಅವರು ಕೆಟ್ಟವರಲ್ಲ. ನನ್ನ ಪಾಲಿನ ಮನೆಗಳನ್ನೂ ಎಷ್ಟೋ ಸಲ ತಾವೇ ಮುಗಿಸಿಕೊಟ್ಟಿದ್ದಾರೆ. ಆದರೆ ಅಂಗಡಿ, ಬಸ್ ನಿಲ್ದಾಣ ಇಲ್ಲದ ಜಾಗವನ್ನು ಊರೆನ್ನಲು ಅವರ ಮನಸ್ಸು ಒಪ್ಪುವುದಿಲ್ಲ. ಅಜ್ಜಿಗೆ ಆ ಮಾತು ಕೇಳಿಸಿತು. ನನಗೆ ಅದು ಈಗಲೂ ಚುಚ್ಚುತ್ತಿದೆ.

ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ: ಮೂರು ರೊಪ್ಪ. ಪ್ರಶ್ನೆ ಅರ್ಥವಾಗಿಲ್ಲವೆಂದುಕೊಂಡೆ. ಅರ್ಥವಾಗದಿದ್ದದ್ದು ನನಗೆ. ರೊಪ್ಪವೆಂದರೆ ಕುರಿ ಕೂಡುವ ಜಾಗ. ಅಲ್ಲಿ ಅದು ಮೊದಲು, ಮನೆ ಆಮೇಲೆ. ಹಟ್ಟಿ ಎಂದರೂ ಅದೇ, ರಾಮನಗರದ ಕಡೆ ಊರುಗಳ ಹೆಸರಿನ ಕೊನೆಯಲ್ಲಿ ಬರುವ ದೊಡ್ಡಿ ಎಂದರೂ ಅದೇ.

“ಊರು ಅಲ್ಲಿಯವರೆಗೂ ಇತ್ತು” ಎಂದು ಅಜ್ಜಿ ಕೋಲೆತ್ತಿ ತೋರಿಸಿದ್ದು ಕಾವಲಿನ ಕಡೆಗೆ, ಅಂದರೆ ದನ ಮೇಯಲೆಂದು ಕಾದಿಟ್ಟಿದ್ದ ಹುಲ್ಲುಗಾವಲಿನ ಕಡೆಗೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಅರಮನೆಯ ದನಗಳಿಗೆಂದು ಕಟ್ಟಿದ ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನು ಟಿಪ್ಪು ಅಮೃತ್ ಮಹಲ್ ಎಂದು ಕರೆದ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಹಂಚಿ, ಹುಲ್ಲು ಮತ್ತೆ ಚಿಗುರಲು ನೆಲಕ್ಕೆ ಬಿಡುವು ಕೊಟ್ಟು ಅರಮನೆಯ ದನಗಳನ್ನು ಮೇಯಿಸುತ್ತಿದ್ದರು. ಹಟ್ಟಿಗಳ ಕುರಿಗಳಿಗೂ ಈ ಕಾವಲೇ ಆಸರೆಯಾಗಿತ್ತು. ಈಗ ಅದರಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಗೋಡೆಯೊಳಗಿದೆ. ದೇಶಕ್ಕೆ ಅವೂ ಬೇಕು, ಒಪ್ಪುತ್ತೇನೆ. ಆದರೆ ಅದು ಖಾಲಿ ಬಿದ್ದಿದ್ದ ನೆಲ ಎಂದು ಯಾರಾದರೂ ಹೇಳಿದರೆ ಇನ್ನು ಸುಮ್ಮನಿರಲಾರೆ. ಒಂಬತ್ತು ಮನೆಯ ಊರಿಗೆ ಅಷ್ಟು ದೊಡ್ಡ ಅಂಗಳವಿತ್ತು. ಆ ಅಂಗಳವನ್ನು ಬರೆಯಲು ನಮ್ಮ ನಮೂನೆಯಲ್ಲಿ ಜಾಗವೇ ಇಲ್ಲ.

ಹೊರಡುವ ಹೊತ್ತಿಗೆ ಸಂಜೆಯಾಗಿತ್ತು, ಕುರಿಗಳು ಬಂದವು. ಹಗಲೆಲ್ಲ ರೊಪ್ಪದಲ್ಲಿದ್ದ ಮರಿಗಳು ಅರಚುತ್ತ ನುಗ್ಗಿ, ಅಷ್ಟು ಧೂಳಿನಲ್ಲೂ ತಂತಮ್ಮ ತಾಯಿಯ ಕೆಚ್ಚಲನ್ನೇ ಹಿಡಿದವು. ಒಂದು ಮರಿ ಮಾತ್ರ ಕಂಡ ಕುರಿಯ ಬಳಿಗೆಲ್ಲ ಹೋಗಿ ಒದೆಸಿಕೊಂಡು ಬರುತ್ತಿತ್ತು. ಅಜ್ಜಿ ಅದನ್ನು ಎತ್ತಿ ಕಂಬಳಿಯೊಳಗೆ ಇಟ್ಟುಕೊಂಡರು. ರೊಪ್ಪದ ಬಾಯಿಗೆ ಮುಳ್ಳು ಎಳೆಯದೆ, ಕಾವಲಿನ ಕಡೆಗೆ ನೋಡುತ್ತ ನಿಂತರು.